ದ್ರೌಪದಿ ಕೂತ ಕುರ್ಚಿ

"ಏ ಮರಗಮ್ಮ, ಗಾಲಿ ಹುಲ್ಲಿಗೆ ಹತ್ತಿಸ್ಬೇಡ ಮಾರಾಯ್ತಿ! ಮೊನ್ನೆ ಹಾಕ್ಸಿದ ಲಾನ್. ಹಾಳಾದ್ರೆ ನಿನ್ನಪ್ಪ ಬಂದು ನೆಡ್ತಾನಾ?"

ಬೈದವರು ಸಾನಪಾಡಾದ ಈ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ ಲೀಲಾಧರ. ಮರಗಮ್ಮ ಗಾಲಿಕುರ್ಚಿಯನ್ನು ಹಿಂದಕ್ಕೆಳೆದು ಸಿಮೆಂಟಿನ ದಾರಿಯ ಮೇಲೆ ನಿಲ್ಲಿಸಿದಳು. ಆ ಹುಲ್ಲಿಗೆ ದಿನಾ ನೀರು ಬಿಡುವವಳು ಅವಳೇ. ಕುರ್ಚಿಯಲ್ಲಿ ಮಗಳು ದ್ರೌಪದಿ. ಹನ್ನೆರಡು ತುಂಬಿತ್ತು, ಹುಟ್ಟಿದಾಗಿನಿಂದ ಸೊಂಟದ ಕೆಳಗೆ ಜೀವವಿಲ್ಲ.

ಇವತ್ತು ತೋಟದಲ್ಲಿ ಸಿನಿಮಾ. ಹದಿನೆಂಟೇ ನಿಮಿಷದ್ದು. ಗಾಳಿ, ಬಯಲು, ಗಿಡಮರ ಎಲ್ಲರಿಗೂ ಸೇರಿದ್ದು, ಕಾಲಿಲ್ಲದವರಿಗೂ ಸೇರಿದ್ದು ಎನ್ನುವ ಸಿನಿಮಾ. ಮಾಡಿದವಳು ಶ್ರದ್ಧಾ ಎಂಬ ಹುಡುಗಿ. ಎರಡು ತಿಂಗಳ ಹಿಂದೆ ಬಾಡಿಗೆ ಕುರ್ಚಿ ತಂದು, ದ್ರೌಪದಿಯನ್ನು ಕೂರಿಸಿ, ಇದೇ ತೋಟದಲ್ಲಿ ಒಂದು ಮಧ್ಯಾಹ್ನವೆಲ್ಲ ತಿರುಗಿಸಿ ಶೂಟಿಂಗ್ ಮಾಡಿದ್ದಳು. ಸಂಜೆ ಕುರ್ಚಿ ಹೋಯಿತು. ದ್ರೌಪದಿ ಮತ್ತೆ ರೈಲು ಹಳಿ ಪಕ್ಕದ ತಗಡಿನ ಮನೆಯೊಳಗೆ. ಅಂದಿನಿಂದ ಅವಳದು ಒಂದೇ ಮಾತು: "ಯವ್ವಾ, ಮತ್ತ ಯಾವಾಗ ಹೊರಗ?"

ಇವತ್ತು ಬಂದವರಿಗೆ ತೋರಿಸಲು ಅದೇ ಕುರ್ಚಿ ಮತ್ತೆ ಬಂದಿತ್ತು. ಬೆಳಿಗ್ಗೆಯಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಮರಗಮ್ಮ ಹೊರಗೆ ಹಾಕಿದಳು.

"ಸಾಹೇಬ್ರ, ಈ ಕುರ್ಚಿ ಇಲ್ಲೇ ಇರ್ಲ್ರಿ. ನಾ ಕಸ ಹೊಡ್ಯೂತನಕ ಪೋರಿ ಗಿಡದ ಕೆಳಗ ಕುಂತಿರ್ತಾಳ್ರಿ. ಯಾರಿಗೂ ತ್ರಾಸ್ ಇಲ್ರಿ."

"ಕೆಲಸದವರ ಮಕ್ಕಳಿಗೆ ಗಾರ್ಡನ್ ಇಲ್ಲ ಅಂತ ಬೋರ್ಡೇ ಉಂಟಲ್ಲ? ಇವತ್ತೊಂದು ದಿನ ಕಮಿಟಿಗೆ ಹೇಳಿ ನಾನೇ ಅಡ್ಜಸ್ಟ್ ಮಾಡಿದ್ದು, ನಮ್ಮ ಕನ್ನಡದವಳು ಅಂತ. ತಲೆ ಮೇಲೆ ಹತ್ತಬೇಡ."

ಕತ್ತಲಾಗುತ್ತಿದ್ದಂತೆ ಸಿನಿಮಾ ಸುರುವಾಯಿತು. ಪರದೆಯ ಮೇಲೆ ದ್ರೌಪದಿ ತಮ್ಮ ಮನೆಗಿಂತ ದೊಡ್ಡದಾಗಿ ನಕ್ಕಳು. ಆಮೇಲೆ ಮರಗಮ್ಮನ ಮುಖ ಬಂತು. ತುಟಿಗಳು ಅಲ್ಲಾಡಿದವು. ಕೆಲಸಕ್ಕ ಬರೂಮುಂದ ಪೋರಿನ್ನ ಒಳಗ ಬಿಟ್ಟು ಹೊರಗಿಂದ ಚಿಲಕ ಹಾಕಿ ಬರ್ತೀನ್ರಿ, ಇಲ್ಲಂದ್ರ ನಾಯಿ ಒಳಗ ಹೊಗ್ತಾವು ಎಂದು ಅವಳು ಅವತ್ತು ಕ್ಯಾಮೆರಾದ ಮುಂದೆ ಹೇಳಿದ್ದಳು. ಈಗ ಆ ಮಾತಿನ ಜಾಗದಲ್ಲಿ ಕೊಳಲು ಕೇಳಿಸಿತು.

ಚಪ್ಪಾಳೆ. ಸೆಕ್ರೆಟರಿಯ ಹೆಂಡತಿ ಜಯಲತಾ ಮೈಕು ಹಿಡಿದು ಅಳು ಬಂದವರಂತೆ ಮೂಗೆಳೆದರು. "ನನಗೆ ಮಾತೇ ಬರ್ತಾ ಇಲ್ಲ. ಇಂಥ ಮಕ್ಕಳನ್ನ ನಾವು ನಮ್ಮೊಳಗೆ ಸೇರಿಸ್ಕೊಳ್ಬೇಕು." ಮೈಕಿಗೆ ಕೈ ಅಡ್ಡ ಹಿಡಿದು, "ಏ ಮರಗಮ್ಮ, ಅದರ ಮೂಗು ಒರೆಸು. ಫೋಟೋ ಉಂಟು."

ಫೋಟೋ ಆಯಿತು. ಸಮೋಸಾ ಆಯಿತು. ಗೇಟಿನಲ್ಲಿ ಬಾಡಿಗೆ ಕುರ್ಚಿ ಒಯ್ಯುವ ಟೆಂಪೋ ಹಾರ್ನ್ ಹೊಡೆಯಿತು.

"ಹ್ಞಾಂ, ಇಳಿಸು ಅದನ್ನ," ಎಂದರು ಲೀಲಾಧರ. "ಕುರ್ಚಿ ಹೋಗ್ಬೇಕು."

ಮರಗಮ್ಮ ಅಲ್ಲಾಡಲಿಲ್ಲ. ಸಿಟ್ಟೇನೂ ಬಂದಿರಲಿಲ್ಲ. ಹನ್ನೆರಡು ವರ್ಷ ಎತ್ತಿ ಇಳಿಸಿದ ತೋಳುಗಳು ಬೇರೆ ಯಾರವೋ ಎಂಬಂತೆ ಪಕ್ಕದಲ್ಲಿ ಜೋತುಬಿದ್ದಿದ್ದವು.

"ಕಿವಿ ಕೇಳೂದಿಲ್ವಾ ಬೇವರ್ಸಿ? ಇಳಿಸು!"

"ನೀವ ಇಳಸ್ರಿ."

ಲೀಲಾಧರ ಬಗ್ಗಿದರು. ಹುಡುಗಿಯ ಕಂಕುಳ ತನಕ ಹೋದ ಕೈ ಅಲ್ಲೇ ನಿಂತಿತು. ಅಂಗಿಯ ತೋಳು ಸರಿಮಾಡಿಕೊಂಡು ನೆಟ್ಟಗಾದರು. ಜಯಲತಾ ಯಾರನ್ನೋ ಕರೆಯುವವರಂತೆ ಆಚೆ ತಿರುಗಿದರು. ಶ್ರದ್ಧಾ ಒಂದು ಹೆಜ್ಜೆ ಮುಂದೆ ಬಂದಳು. ಕುತ್ತಿಗೆಯಲ್ಲಿದ್ದ ಕ್ಯಾಮೆರಾ ಎಲ್ಲಿಡುವುದೆಂದು ಸುತ್ತ ನೋಡಿ, ನಿಂತೇಬಿಟ್ಟಳು. ಟೆಂಪೋದವನು ಒಳಗೆ ಬಂದ.

"ಖಾಲಿ ಕುರ್ಸಿ ದೋ, ಸಾಬ್. ಆದ್ಮೀ ಉಠಾನಾ ಅಪ್ನಾ ಕಾಮ್ ನಹೀ." ಖಾಲಿ ಕುರ್ಚಿಯಾದರೆ ಒಯ್ಯುತ್ತಾನೆ, ಮನುಷ್ಯರನ್ನು ಎತ್ತುವುದು ಅವನ ಕೆಲಸವಲ್ಲ.

"ನಾಳೆಯಿಂದ ಕೆಲಸಕ್ಕೆ ಬರಬೇಡ ನೀನು!" ಲೀಲಾಧರ ಕಿರುಚಿದರು.

"ಆತ್ರಿ."

ಲೀಲಾಧರ ಹಿಂದಿನಿಂದ ಹಿಡಿಕೆ ಹಿಡಿದು ಕುರ್ಚಿಯನ್ನೇ ಗೇಟಿನ ಕಡೆ ನೂಕಿದರು. ಕುರ್ಚಿ ಕದಲಲಿಲ್ಲ. ದ್ರೌಪದಿ ಎರಡೂ ಬದಿಯ ಬ್ರೇಕು ಹಾಕಿ, ಅವುಗಳ ಮೇಲೆ ಕೈ ಒತ್ತಿಕೊಂಡು ಕೂತಿದ್ದಳು.

"ಯವ್ವಾ, ಸೊಳ್ಳಿ ಕಡೀಲಿಕ್ಹತ್ಯಾವ."

"ಕಡೀಲಿ ಬಿಡು," ಎಂದು ಮರಗಮ್ಮ ಗಾಲಿಯ ಪಕ್ಕ ನೆಲಕ್ಕೆ ಕೂತಳು.