ಹತ್ತಿ ಕಚ್ಚಿದ ಬಾಯಿ

ಗೋವಾದ ಕುಂಡಯಿಯ ಕಾರ್ಖಾನೆಯಲ್ಲಿ ಒಟ್ಟಿದ್ದ ಪೆಟ್ಟಿಗೆಗಳು ಕುಸಿದು, ಅಲ್ಲಿ ಕೆಲಸಕ್ಕಿದ್ದ ದ್ರಾಕ್ಷಾಯಿಣಿಯ ಮೇಲ್ದವಡೆಯ ಎರಡು ಮುಂದಿನ ಹಲ್ಲು ಹೋದವು. ಅಂದಿನಿಂದ ಅವಳು ಸೆರಗು ಅಡ್ಡ ಹಿಡಿದೇ ಮಾತಾಡುತ್ತಿದ್ದಳು. ಹಲ್ಲು ಹಾಕಿಸುವ ಖರ್ಚನ್ನು ಕಾರ್ಖಾನೆಯವರು ವಹಿಸಿಕೊಂಡರು. ಫೋಂಡಾದ ದವಾಖಾನೆಯಲ್ಲಿ ದವಡೆಯ ಎಲುಬಿಗೆ ಸ್ಕ್ರೂ ಕೂರಿಸಿ, ವಸಡಿಗೆ ಹೊಲಿಗೆ ಹಾಕಿದರು. ಎಲುಬು ಸ್ಕ್ರೂವನ್ನು ಹಿಡಿದುಕೊಂಡ ಮೇಲೆ, ಕೆಲವು ತಿಂಗಳು ಬಿಟ್ಟು, ಅದರ ಮೇಲೆ ಹಲ್ಲು ಕೂರಿಸುವುದಿತ್ತು.

ಅಲ್ಲಿನ ನರ್ಸ್ ಹುಸೇನಬಿ ಹುಬ್ಬಳ್ಳಿ ಕಡೆಯವಳು. "ಹತ್ತಿ ಗಟ್ಟಿ ಕಚ್ಚಿಕೊಂಡಿರ್ರಿ. ಉಗುಳಬ್ಯಾಡ್ರಿ, ಬಿಸಿ ಚಾ ಬ್ಯಾಡ, ನಾಲಿಗಿ ಹಚ್ಚಿ ನೋಡಬ್ಯಾಡ್ರಿ. ನಾಳಿಂದ ಉಗುರುಬೆಚ್ಚನ ಉಪ್ಪುನೀರು ಬಾಯಾಗ ಹಿಡದು ಮೆಲ್ಲಕ ಬಿಡ್ರಿ," ಎಂದಳು. ಗಂಡ ಶಂಕರಲಿಂಗ ಒಂದೊಂದಕ್ಕೂ ತಲೆಯಾಡಿಸಿ ಕೇಳಿಕೊಂಡ. ಬಸ್ಸಿನಲ್ಲಿ ಅವಳಿಗೆ ತುಟಿ ಬಿಚ್ಚಲೂ ಬಿಡಲಿಲ್ಲ.

ಮಡ್ಕಯಿಯ ಬಾಡಿಗೆ ಕೋಣೆಗೆ ಬಂದು ಅವನು ಬಟ್ಟೆಯಲ್ಲಿ ಐಸ್ ಸುತ್ತಿ ಅವಳ ತುಟಿಯ ಮೇಲೆ ಒತ್ತುತ್ತಿದ್ದಾಗ ಮೊಬೈಲ್ ರಿಂಗಾಯಿತು. ಸಿಂದಗಿ ಹತ್ತಿರದ ಊರಿನಿಂದ ಅವಳ ತಮ್ಮ ಪರಶು.

"ಅಕ್ಕಾ, ಅವ್ವಗ ದಮ್ಮು ಭಾಳ ಆಗೈತಿ. ಡಾಕ್ಟರು ಮನಿಗಿ ಒಯ್ರಿ ಅಂದಾರ. ನಿನ್ನ ಕೂಡ ಮಾತಾಡಬೇಕಂತಾಳ."

ದ್ರಾಕ್ಷಾಯಿಣಿ ಹತ್ತಿ ತೆಗೆಯಲು ಬೆರಳು ಹಾಕಿದಳು. ಶಂಕರಲಿಂಗ ಅವಳ ಕೈ ಹಿಡಿದ.

"ಬ್ಯಾಡ. ರಕ್ತ ಹರೀತೈತಿ. ಸ್ಕ್ರೂ ಸಡ್ಲಾದ್ರ ಮತ್ತ ಎಲುಬು ಕೊರೀತಾರ. ಹಂಗ ಮಾತಾಡು."

ಅತ್ತ ಪರಶು ಮೊಬೈಲನ್ನು ತಾಯಿಯ ಕಿವಿಗೆ ಹಿಡಿದ. ಅವಳು "ಅವ್ವಾ" ಎಂದಳು. ಜೋಮು ಹಿಡಿದ ತುಟಿ, ತುಂಬಿದ ಹತ್ತಿ. ಹೊರಬಿದ್ದದ್ದು ಬರೀ ಗೊಗ್ಗರು ಸದ್ದು.

"ಯಾರದು?" ಎಂದಳು ತಾಯಿ ಹನುಮವ್ವ, ಉಸಿರು ಎಳೆಯುತ್ತ. ದ್ರಾಕ್ಷಾಯಿಣಿ ಮತ್ತೆ ಪ್ರಯತ್ನಿಸಿದಳು. ಅತ್ತ ಹನುಮವ್ವ ಮಗನಿಗೆ ಹೇಳುವುದು ಕೇಳಿಸಿತು. "ಇದು ನನ್ನ ಮಗಳ ದನಿ ಅಲ್ಲೋ ಪರಶು. ನನಗ ಸುಳ್ಳ ಹೇಳಬ್ಯಾಡ. ಆಕಿನ್ನ ಕರಿ."

"ಅಕ್ಕನ ಅದಾಳವ್ವ, ಹಲ್ಲಿನ ಆಪರೇಶನ್ ಆಗೈತಿ," ಎಂದು ಪರಶು ಹೇಳುತ್ತಿದ್ದಂತೆ ಲೈನು ಕಡಿಯಿತು. ಮತ್ತೆ ಸಿಕ್ಕಾಗ ಹನುಮವ್ವನ ಮಾತು ನಿಂತಿತ್ತು. ಸಂಜೆಗೆ ಜೀವ ಹೋಯಿತು.

ಊರಿಗೆ ಹೋದಾಗ ದ್ರಾಕ್ಷಾಯಿಣಿಯ ಮುಖ ಬಾತಿತ್ತು. "ಹೆತ್ತಾಕಿಗಾಗಿ ಎಷ್ಟ ಅತ್ತಾಳ ನೋಡ್ರಿ," ಎಂದರು ಓಣಿಯ ಹೆಂಗಸರು. ಅವಳು ಇನ್ನೂ ಅತ್ತಿರಲಿಲ್ಲ. ಹಿರಿ ಮಗಳು ಹಾಡಿಕೊಂಡು ಅಳಲೆಂದು ಎಲ್ಲರೂ ಕಾದರು. ಬಾಯಿ ಅಗಲಿಸಿದರೆ ಹೊಲಿಗೆ ಬಿಚ್ಚೀತು. ತುಟಿ ಮುಚ್ಚಿಕೊಂಡೇ ಅವ್ವನ ಕಾಲ ಬಳಿ ಕೂತಳು. ಕಣ್ಣೀರು ಸುಮ್ಮನೆ ಇಳಿಯಿತು.

ಗೋವಾಕ್ಕೆ ಮರಳಿದ ಮೇಲೆ ಶಂಕರಲಿಂಗನೇ ಅವಳ ಬಾಯಿಯನ್ನು ಕಾಪಾಡಿದ. ಕೆಲಸಕ್ಕೆ ಹೋಗುವ ಮೊದಲು ಉಪ್ಪುನೀರು ಕಾಯಿಸಿಡುತ್ತಿದ್ದ. ಗಂಜಿಯನ್ನು ಆರಿಸಿ, ಬೆರಳು ಅದ್ದಿ ನೋಡಿ ಕೊಡುತ್ತಿದ್ದ. ಅವಳಿಗೆ ರೊಟ್ಟಿ ತಿನ್ನುವಂತಿಲ್ಲವೆಂದು ತಾನೂ ರೊಟ್ಟಿ ಬಿಟ್ಟ. ಅವನ ಮೇಲೆ ಸಿಟ್ಟಾಗಬೇಕೆಂದು ಅವಳು ಎಷ್ಟೋ ಸಲ ಅಂದುಕೊಂಡಳು. ಆಗಲಿಲ್ಲ.

ಕೆಲವು ತಿಂಗಳಲ್ಲಿ ಎಲುಬು ಸ್ಕ್ರೂವನ್ನು ಚೆನ್ನಾಗಿ ಹಿಡಿದುಕೊಂಡಿತು. ಹಲ್ಲು ಕೂರಿಸಿದ ದಿನ ಹುಸೇನಬಿ ಕನ್ನಡಿ ಹಿಡಿದಳು. ದ್ರಾಕ್ಷಾಯಿಣಿ ಕನ್ನಡಿ ನೋಡಲಿಲ್ಲ.

"ನರ್ಸ್ ಬಾಯವರ, ಒಂದ ಮಾತ ಕೇಳಲ್ರಿ? ಆಪರೇಶನ್ ಆದ ದಿನ ಆ ಹತ್ತಿ ಒಂದೀಟು ತಗದಿದ್ರ ಏನಾಗ್ತಿತ್ತ್ರಿ?"

"ಸ್ವಲ್ಪ ರಕ್ತ ಬರ್ತಿತ್ತ್ರಿ, ಅಷ್ಟ. ಬ್ಯಾರೆ ಹತ್ತಿ ಕಚ್ಚಿದ್ರ ನಿಲ್ತಿತ್ತು. ಯಾಕ್ರಿ?"

"ಏನಿಲ್ರಿ. ಹಂಗ ಕೇಳ್ದೆ."

ಹೊರಗೆ ಶಂಕರಲಿಂಗ ಕಾಯುತ್ತ ನಿಂತಿದ್ದ. ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ.

"ಏನಂದ್ರು?"

"ದಿನಾ ಎರಡ ಸಲ ಮೆತ್ತನ ಬ್ರಶ್‌ಲೆ ತಿಕ್ಕಬೇಕಂತ."

"ಅಷ್ಟನ? ಎಲ್ಲಿ, ಒಂದೀಟು ನಗು ನೋಡೂಣು."

ಅವಳು ಅವನ ಮುಖ ನೋಡಿ ನಕ್ಕಳು. ಆಮೇಲೆ ಬಸ್ಸು ಸಿಗುವವರೆಗೂ ಅವನಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು.