ಮಾಸ್ಕೋ ಮುಟ್ಟುವವರೆಗೆ

ಕಾಲಡಿ ಮತ್ತೆ ಚರಕ್ ಎಂದಿತು, ಗಂಜಿಗೆ ಹಾಕುವ ಗ್ರೆಚ್ಕಾ ಕಾಳು, ಬೆಳಗ್ಗೆ ಹೊರಡುವ ಗಡಿಬಿಡಿಯಲ್ಲಿ ಮಗಳು ಆಸ್ಯಾ ಚೆಲ್ಲಿಹೋದದ್ದು, ಒಂದು ಎಳೆ ಕೂದಲು ಬಿದ್ದರೂ ಸಹಿಸದ ನಾನು ಬೆಳಗಿನಿಂದ ಇದನ್ನೇ ತುಳಿದುಕೊಂಡು ಓಡಾಡುತ್ತಿದ್ದೇನೆ, ಯಾಕೆಂದರೆ ಅಮ್ಮ ಪೊರಕೆಯನ್ನು ತನ್ನ ಕುರ್ಚಿಯ ಹಿಂದೆ ಬಚ್ಚಿಟ್ಟುಕೊಂಡು ಕಾವಲು ಕೂತಿದ್ದಾಳೆ — ಮುಟ್ಟಿದ್ರೆ ನೋಡು ತೈಸಿಯಾ, ಮಗು ಮಾಸ್ಕೋದಲ್ಲಿ ಇಳಿಯೋವರೆಗೂ ಗುಡಿಸೋ ಹಾಗಿಲ್ಲ, ವಾಪಸ್ ಬರೋ ದಾರೀನೇ ಗುಡಿಸಿ ಹಾಕಿದ ಹಾಗಾಗುತ್ತೆ. ಹೌದಮ್ಮ, ಪೈಲಟ್ಟು ನಿನ್ನ ಪೊರಕೆ ನೋಡ್ಕೊಂಡೇ ವಿಮಾನ ಓಡಿಸ್ತಾನೆ ಅಂದೆ, ಅಂದೆನೇ ಹೊರತು ಪೊರಕೆ ಕೇಳಲಿಲ್ಲ. ಈಗೆಲ್ಲಿರಬಹುದು, ಬೈಕಲ್ ಸರೋವರ ದಾಟಿ ಎಷ್ಟೋ ಹೊತ್ತಾಗಿರಬೇಕು, ವ್ಲಾದಿವೊಸ್ತೋಕ್‌ನಿಂದ ಆರು ಸಾವಿರದ ನಾನೂರು ಕಿಲೋಮೀಟರು, ಒಂಬತ್ತು ಗಂಟೆ ಹಾರಾಟ, ಆದರೂ ಇಲ್ಲಿ ಬೆಳಗ್ಗೆ ಹತ್ತಕ್ಕೆ ಹತ್ತಿದವಳು ಅಲ್ಲಿ ಇಳಿದಾಗ ಅಲ್ಲಿನ್ನೂ ಮಧ್ಯಾಹ್ನ ಹನ್ನೆರಡು, ಗಡಿಯಾರದ ಪ್ರಕಾರ ಎರಡೇ ಗಂಟೆ, ಉಳಿದ ಏಳು ಗಂಟೆಯನ್ನು ನಾನೊಬ್ಬಳೇ ಈ ಅಡುಗೆಮನೆಯಲ್ಲಿ ಸವೆಸಬೇಕು. ಅವಳಪ್ಪ ಗೆನ್ನಾದಿ ಹೀಗೇ, ನನ್ನನ್ನು ಬಿಟ್ಟು ಮಾಸ್ಕೋ ಸೇರಿದಾಗಲೂ ಕಷ್ಟದ ಪಾಲು ನನಗೇ ಬಂತು, ರಜೆಗೆ ಮಾತ್ರ ಕಳಿಸು ತೈಸಿಯಾ, ಮಗಳ ಮುಖ ನೋಡ್ಬೇಕು ಅಂದ, ನನ್ನ ಕರುಳು ಕರಗಿತು, ಹನ್ನೆರಡು ವರ್ಷದ ಹುಡುಗಿಯನ್ನು ಗಗನಸಖಿಯ ಕೈಗೆ ಒಪ್ಪಿಸಿ ಬಂದೆ, ಅವಳು ತಿರುಗಿ ಕೂಡ ನೋಡಲಿಲ್ಲ, ನೋಡಲಿಲ್ಲ —

ಫೋನು ಟಣ್ ಎಂದಿತು, ಅವಳಲ್ಲ, ಅವನು, ಮನೆ ಹತ್ರಾನೇ ಒಳ್ಳೇ ಶಾಲೆ ಇದೆ, ಸೆಪ್ಟೆಂಬರಿಂದ ಇಲ್ಲೇ ಸೇರಿಸ್ತೀನಿ, ಆಸ್ಯಾ ಬೇಡ ಅಂದಿಲ್ಲ. ಬೇಡ ಅಂದಿಲ್ಲವಂತೆ! ನನಗೊಂದು ಮಾತು ಹೇಳದೆ ಇಬ್ಬರೂ ಸೇರಿ — ಅಮ್ಮ ಗೊರಕೆ ಹೊಡೆಯುತ್ತಿದ್ದಾಳೆ, ಪೊರಕೆ ಯಾವಾಗ ಕೈಗೆ ಬಂತೋ, ಹೋಗಲಿ, ಅಪ್ಪನ ಜೊತೆ ಅಲ್ಲೇ ಇರಲಿ, ಮೇಜಿನಡಿ, ಒಲೆಯ ಸಂದಿ, ಬಾಗಿಲ ಹಿಂದೆ, ಬಳಿದು ಬಳಿದು ಮೊರಕ್ಕೆ ತುಂಬಿದೆ, ನೆಲ ಫಳಫಳ, ವಿಮಾನ ಇನ್ನೂ ಆಕಾಶದಲ್ಲೇ ಇದೆ. ಏನು ಮಾಡಿಬಿಟ್ಟೆ ನಾನು. ಕಸದ ಬುಟ್ಟಿಯ ಮುಂದೆ ಮೊರ ಹಿಡಿದು ನಿಂತಿದ್ದೇನೆ, ಸುರಿಯಲು ಕೈ ಬರುತ್ತಿಲ್ಲ, ಎಷ್ಟು ಹೊತ್ತಾಯಿತೋ, ಏಳು ಹೊಡೆಯಿತು, ಮತ್ತೆ ಫೋನು, ಆಸ್ಯಾ, ಅಮ್ಮಾ ಇಳಿದ್ವಿ, ಇನ್ನೂ ಸೀಟಲ್ಲೇ ಇದ್ದೀನಿ, ತಿಂದಿಯೇನೇ ಅಂದೆ, ಅವಳು ಪಿಸುಗುಟ್ಟುತ್ತಾಳೆ, ಅಪ್ಪ ಶಾಲೆ ಶಾಲೆ ಅಂತಾನೆ, ನಾನು ಹ್ಞೂಂ ಅಂದಿಲ್ಲ ಅಮ್ಮ, ಬೇಜಾರಾಗ್ತಾನೆ ಅಂತ ಸುಮ್ನಿದ್ದೆ ಅಷ್ಟೇ, ನೀನು ಗುಡಿಸಿಲ್ಲ ತಾನೇ? ಇಲ್ಲ ಕಣೇ. ನಿಜವಾಗ್ಲೂ? ನಿನ್ನ ನಂಬೋಕಾಗಲ್ಲ, ನಿಂಗೆ ಕಸ ಕಂಡ್ರೆ ಆಗಲ್ಲ, ಕ್ಯಾಮೆರಾ ಹಾಕಿ ನೆಲ ತೋರ್ಸು. ತೋರಿಸ್ತೀನಿ ಇರು, ಒಂದು ನಿಮಿಷ ಇರು ಬಂಗಾರ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮೊರ, ಮೊರ ಓರೆಯಾಗುತ್ತಿದೆ, ಸದ್ದಾಗಬಾರದು, ಮೆಲ್ಲಗೆ, ಕಾಳು, ಒಲೆಯ ಕಡೆಗೆ ಕಾಳು, ಬಾಗಿಲ ಕಡೆಗೆ ಕಾಳು, ಉರುಳುತ್ತಿರುವ ಕಾಳು —