ಕಂದು ಶಾಲಿನ ಗಂಟು

ಸುಧಾಕರ ಕಪಾಟಿನ ಕೊನೆಯ ಖಾನೆಯನ್ನೂ ತಡಕಾಡಿ ಬಾಗಿಲು ಹಾಕಿದ. ಅಣ್ಣನ ಕಂದು ಶಾಲು ಅಲ್ಲೂ ಇರಲಿಲ್ಲ. ಅರವತ್ತರ ಶಾಂತಿಗೆ ತಾನೇ ಹೊದಿಸಿದ್ದು. ಅದನ್ನೇ ಹೊದಿಸಿ ಕಳಿಸಿಕೊಡಬೇಕೆಂದು ಔರಂಗಾಬಾದಿನಿಂದ ಬರುವ ದಾರಿಯುದ್ದಕ್ಕೂ ಅಂದುಕೊಂಡಿದ್ದ.

ಪಡಸಾಲೆಯಲ್ಲಿ ಅಣ್ಣ ರಘೋತ್ತಮರಾಯರ ದೇಹವಿತ್ತು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಹೆಣವಿರುವ ಮನೆ ಮುಚ್ಚಬಾರದೆಂದು ಬಂದವರು ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಟ್ಟಿದ್ದರು. ನಾಸಿಕದ ಗಾಳಿ ಮೂಳೆ ಕೊರೆಯುತ್ತಿತ್ತು. ಒಂದು ಕೋಣೆ ಮಾತ್ರ ಮುಚ್ಚಿತ್ತು. ಅದರ ಬಾಗಿಲಿಗೇ ಬೆನ್ನು ಕೊಟ್ಟು ಅತ್ತಿಗೆ ಗೋದಾವರಿಬಾಯಿ ಕೂತಿದ್ದರು. ತೆರೆಯಲು ಹೋದವರನ್ನು ಎರಡು ಸಲ ತಡೆದಿದ್ದರು. ಕಣ್ಣಲ್ಲಿ ಹನಿ ನೀರಿಲ್ಲ.

ರಾಯರ ಬ್ಯಾಂಕಿನ ಗೆಳೆಯರು ಮರಾಠಿಯಲ್ಲಿ ಪಿಸುಗುಟ್ಟಿದರು. ಸುಧಾಕರನ ಹೆಂಡತಿ ಸರೋಜಿನಿಗೆ ಪಿಸುಗುಟ್ಟುವಷ್ಟು ತಾಳ್ಮೆಯೂ ಇರಲಿಲ್ಲ, ಅತ್ತಿಗೆಯತ್ತ ಕೈ ತೋರಿಸಿಯೇ ಅಂದಳು.

“ವೈನಿ ಏನೋ ಮುಚ್ಚಿಡ್ಲಿಕ್ಕತ್ತಾರ, ನೋಡ್ರಿ.”

ಸುಧಾಕರನಿಗೂ ಹಾಗೇ ಅನಿಸಿತ್ತು. ಅನಿಸಿದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಿಂದ ಸಂಶಯವೇನೂ ಕಡಿಮೆಯಾಗಲಿಲ್ಲ.

*

ಹಿಂದಿನ ಸಂಜೆ ರಾಯರು ಅದೇ ಕೋಣೆಯಲ್ಲಿ ನಿಂಬೆಯ ಕುಂಡವನ್ನು ಕಿಟಕಿಯ ಗಾಜಿನ ಬಳಿಯಿಂದ ಒಳಕ್ಕೆ ಸರಿಸಿದ್ದರು. ನಾಸಿಕಕ್ಕೆ ವರ್ಗವಾಗಿ ಬರುವಾಗ ಹೆಂಡತಿಯ ತವರಿನಿಂದ ತಂದ ಗಿಡ. ಮೊದಲ ಚಳಿಗಾಲದಲ್ಲಿ ಹೀಟರಿನ ಪಕ್ಕ ಇಟ್ಟು ಎಲೆಯೆಲ್ಲ ಉದುರಿಸಿಕೊಂಡಿದ್ದರು. ಆಮೇಲೆ ಕಲಿತರು: ಹಗಲು ಬಿಸಿಲು, ಸಂಜೆ ಹೊದಿಕೆ, ಬೆಳಿಗ್ಗೆ ಉಗುರುಬೆಚ್ಚಗಿನ ನೀರು. ಊರಾಚೆಯ ದ್ರಾಕ್ಷಿ ತೋಟದವರು ಚಳಿಗೆ ಹೆದರಿ ಬೆಂಕಿ ಹಾಕುತ್ತಿದ್ದಾರೆಂದು ಕೇಳಿದ್ದೇ, ಹಳೆಯ ಚಾದರ ಸಾಲದೆಂದು ಮೈಮೇಲಿನ ಶಾಲನ್ನೇ ಅದಕ್ಕೆ ಸುತ್ತಿ ಹುರಿಯಿಂದ ಕಟ್ಟಿದರು.

“ನಿಮಗ ಥಂಡಿ ಆಗೂದಿಲ್ಲೇನು?” ಎಂದು ಗೋದಾವರಿಬಾಯಿ ಗದರಿದ್ದರು.

“ನನಗ ಬಾಯಿ ಅದ, ಥಂಡಿ ಆದ್ರ ಹೇಳ್ತೀನಿ. ಅದು ಏನ್ ಹೇಳ್ತದ?”

*

ಹೊರಗೆ ಚಟ್ಟ ಸಿದ್ಧವಾಗಿತ್ತು. ಸುಧಾಕರ ಅತ್ತಿಗೆಯನ್ನು ದಾಟಿ ಬಾಗಿಲು ದೂಡಿದ. ಆಳೆತ್ತರದ್ದೇನೋ ಕಂದು ಶಾಲು ಹೊದ್ದು ನಿಂತಿತ್ತು. ಅವನು ಹೊಸ್ತಿಲಿಂದ ಹಿಂದೆ ಸರಿದ. ಆಮೇಲೆ ಕೆಳಗಿನ ಕುಂಡ, ಶಾಲಿನಂಚಿನಿಂದ ಇಣುಕಿದ ನಿಂಬೆಯ ಎಲೆಗಳು ಕಂಡವು.

“ಒಯ್ಯಬ್ಯಾಡ ಅನ್ನೂದಿಲ್ಲ,” ಎಂದರು ಗೋದಾವರಿಬಾಯಿ. “ಆ ಗಂಟು ನಿನ್ನೆ ಅವರು ಕಟ್ಟಿದ್ದು. ನನ್ನ ಕೈಲೆ ಬಿಚ್ಚಲಿಕ್ಕೆ ಆಗವಲ್ತು.”

ಸುಧಾಕರ ಗಂಟಿಗೆ ಕೈ ಹಾಕಿದ. ಹುರಿಯನ್ನು ಎರಡು ಸುತ್ತು ಹಾಕಿ ತುದಿಯನ್ನು ಒಳಗೆ ಸಿಕ್ಕಿಸಿದ ಗಂಟು. ಬ್ಯಾಂಕಿನಲ್ಲಿ ಮೂವತ್ತು ವರ್ಷ ವೋಚರುಗಳ ಕಟ್ಟು ಕಟ್ಟಿದ ಕೈಯದು. ವರ್ಷವರ್ಷವೂ ಔರಂಗಾಬಾದಿಗೆ ಬರುತ್ತಿದ್ದ ನಿಂಬೆ ಉಪ್ಪಿನಕಾಯಿ ಡಬ್ಬಿಯ ಮೇಲೂ ಇದೇ ಗಂಟಿರುತ್ತಿತ್ತು. ಅವನು ಅದನ್ನು ಯಾವತ್ತೂ ಬಿಚ್ಚಿದವನಲ್ಲ, ಕತ್ತರಿಯಿಂದ ಕತ್ತರಿಸುತ್ತಿದ್ದ.

ಅವನು ಕೈ ಹಿಂದಕ್ಕೆ ತೆಗೆದ.

“ಸಿಕ್ತೇನ್ರಿ?” ಎಂದಳು ಸರೋಜಿನಿ, ಹೊರಗಿನಿಂದ.

ಸುಧಾಕರ ಪಡಸಾಲೆಗೆ ಬಂದ. ತಾನು ಹೊದ್ದಿದ್ದ ಶಾಲನ್ನು ತೆಗೆದು ಅಣ್ಣನ ಮೇಲೆ ಹಾಸಿದ. ಆಮೇಲೆ, ಹೆಣ ಇನ್ನೂ ಮನೆಯಲ್ಲಿರುವಾಗಲೇ, ಎಲ್ಲರೂ ನೋಡುತ್ತಿರುವಂತೆಯೇ, ಹೋಗಿ ಆ ಕೋಣೆಯ ಬಾಗಿಲನ್ನು ಗಿಡಕ್ಕೆ ಗಾಳಿ ತಾಗದಂತೆ ಎಳೆದು ಮುಚ್ಚಿದ.